ದೇವರ ಮುಂದೆ ನಿಲ್ಲುವ ಯೋಗ್ಯತೆ: ಕೃಪೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಅಧ್ಯಯನದ ಗುಂಪುಗಳಲ್ಲಿ, ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಆಡುವ ಮಾತುಗಳಲ್ಲಿ, ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಬಹುದು. ಆದರೆ "ಮೊದಲು ಸರಿಹೋಗ್ತೀನಿ" ಎಂಬ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಉಳಿದ ಅರ್ಧ ಪ್ರಶ್ನೆಗಳು ಹುಟ್ಟುವುದೇ ಅಲ್ಲಿ.

## ಶುರುವಿನ ಪ್ರಶ್ನೆಗಳು

ದೇವರು ಎಲ್ಲ ಕಡೆ ಇದ್ದಾರೆ ಅಂತೀರಿ. ಮತ್ತೆ ಸನ್ನಿಧಿಗೆ ಬರೋಕೆ ಯೋಗ್ಯತೆ ಯಾಕೆ ಬೇಕು?

ದೇವರಿಲ್ಲದ ಜಾಗ ಇಲ್ಲ, ನಿಜ. 139ನೇ ಕೀರ್ತನೆ ಹೇಳುವುದೂ ಅದನ್ನೇ: ಆಕಾಶಕ್ಕೆ ಏರಿದರೂ ಪಾತಾಳಕ್ಕೆ ಇಳಿದರೂ ಆತನು ಅಲ್ಲಿದ್ದಾನೆ. ಆದರೆ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟವರು ಇರುತ್ತಾರೆ ಅಲ್ವಾ? ಸನ್ನಿಧಿ ಎಂದಾಗ ಬೈಬಲ್ ಜಾಗದ ಲೆಕ್ಕ ಹೇಳುತ್ತಿಲ್ಲ. ದೇವರ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ನಿಲ್ಲುವುದನ್ನು ಹೇಳುತ್ತಿದೆ.

ಹಾಗೆ ನಿಂತವರಿಗೆ ಏನಾಯಿತು ನೋಡಿ. ಅರಸ ಉಜ್ಜೀಯ ಸತ್ತ ವರ್ಷ ಯೆಶಾಯನಿಗೆ ದೇವಾಲಯದಲ್ಲಿ ದೇವರ ದರ್ಶನವಾಯಿತು. ಅವನ ಬಾಯಿಂದ ಬಂದ ಮೊದಲ ಮಾತು ಸ್ತೋತ್ರ ಅಲ್ಲ. ಅಯ್ಯೋ, ಕೆಟ್ಟೆ ಅಂದ. ಅವನೇನು ಕಳ್ಳನೋ ಕೊಲೆಗಾರನೋ ಆಗಿರಲಿಲ್ಲ, ಪ್ರವಾದಿ. ನನ್ನ ತುಟಿಗಳು ಅಶುದ್ಧ ಅಂದ. ಮಾತೇ ಅವನ ಕೆಲಸ. ಅವನು ಅತಿ ಚೆನ್ನಾಗಿ ಮಾಡುತ್ತಿದ್ದ ಕೆಲಸದಲ್ಲೇ ಅವನಿಗೆ ಕೊಳೆ ಕಂಡಿತು. ಆಗ ದೇವದೂತನೊಬ್ಬ ಯಜ್ಞವೇದಿಯ ಮೇಲಿನ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ತಂದು ಅದೇ ತುಟಿಗೆ ಮುಟ್ಟಿಸಿದ, ನಿನ್ನ ದೋಷ ಹೋಯಿತು ಅಂದ. ಯೆಶಾಯ ತನ್ನನ್ನು ತಾನು ತೊಳೆದುಕೊಳ್ಳಲಿಲ್ಲ. ಕೆಂಡ ಆ ಕಡೆಯಿಂದ ಬಂತು.

ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ಅಷ್ಟು ಸಾಲದಾ?

ಯೇಸು ಹೇಳಿದ ಒಂದು ಕಥೆಯಲ್ಲಿ ಇಬ್ಬರು ಪ್ರಾರ್ಥನೆಗೆ ಹೋಗುತ್ತಾರೆ (ಲೂಕ 18). ಒಬ್ಬ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು. ವಾರಕ್ಕೆ ಎರಡು ಸಲ ಉಪವಾಸ, ಬಂದ ಎಲ್ಲದರಲ್ಲೂ ಹತ್ತರಲ್ಲೊಂದು ಪಾಲು ದೇವರಿಗೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಯೇಸು ಎಲ್ಲೂ ಹೇಳುವುದಿಲ್ಲ. ಇನ್ನೊಬ್ಬ ಸುಂಕದವನು, ಅಂದರೆ ತೆರಿಗೆ ವಸೂಲಿ ಮಾಡಿ ಜನರ ತಿರಸ್ಕಾರಕ್ಕೆ ಗುರಿಯಾದವನು. ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಹೇಳಿದ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಇವನೇ.

ಫರಿಸಾಯನ ಉಪವಾಸದಲ್ಲಿ ತಪ್ಪಿರಲಿಲ್ಲ. ಅವನು ಅಳತೆಗೋಲು ಆರಿಸಿಕೊಂಡದ್ದು ಪಕ್ಕದಲ್ಲಿ ನಿಂತವನನ್ನು. ಪಕ್ಕದವರನ್ನು ನೋಡಿ ಅಳೆದರೆ ನಾವೆಲ್ಲ ಪಾಸ್. ನಮಗಿಂತ ಕೆಟ್ಟವರೊಬ್ಬರು ಸಿಕ್ಕೇ ಸಿಗುತ್ತಾರೆ. ಜೊತೆಗೆ, ಕೆಟ್ಟದ್ದು ಮಾಡಿಲ್ಲ ಎಂಬುದು ಅರ್ಧ ಲೆಕ್ಕ. ಮಾಡಬಹುದಾಗಿದ್ದ ಒಳ್ಳೆಯದನ್ನು ಬಿಟ್ಟದ್ದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಅಪೊಸ್ತಲ ಪೌಲನ ಹತ್ತಿರ ಫರಿಸಾಯನಿಗಿಂತ ಉದ್ದದ ಪಟ್ಟಿ ಇತ್ತು. ಎಂಟನೆಯ ದಿನದಲ್ಲಿ ಸುನ್ನತಿ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರದ ವಿಷಯದಲ್ಲಿ ಬೆರಳು ತೋರಿಸುವ ಹಾಗಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಇಷ್ಟನ್ನೂ ಸಾಲಾಗಿ ಬರೆದು, ಕ್ರಿಸ್ತನ ಮುಂದೆ ಇದೆಲ್ಲ ಕಸ ಅಂದುಬಿಟ್ಟ. ಒಳ್ಳೆಯತನ ಕಸ ಎಂದಲ್ಲ, ಅದನ್ನು ದೇವರ ಮುಂದೆ ಟಿಕೆಟ್ ಥರ ಹಿಡಿದು ನಿಲ್ಲುವುದು ಕಸ.

ಕೃಪೆ ಅಂದ್ರೆ ದೇವರು ನಮ್ಮ ತಪ್ಪು ನೋಡಿಯೂ ನೋಡದ ಹಾಗೆ ಇರೋದಾ?

ಅಲ್ಲ. ಹಾಗೆ ಇದ್ದಿದ್ದರೆ ಶಿಲುಬೆ ಬೇಕಿರಲಿಲ್ಲ. ಕಂಡೂ ಕಾಣದಂತೆ ಇರುವ ನ್ಯಾಯಾಧೀಶನನ್ನು ನಾವು ದಯಾಳು ಅನ್ನುವುದಿಲ್ಲ, ಅನ್ಯಾಯ ಮಾಡಿದ ಅನ್ನುತ್ತೇವೆ. ಅವನ ಮುಂದೆ ನ್ಯಾಯಕ್ಕಾಗಿ ಬಂದವರ ಪಾಡು ಯೋಚಿಸಿ.

ಕೃಪೆಯಲ್ಲಿ ತಪ್ಪಿಗೆ ತಪ್ಪು ಎಂದೇ ಹೆಸರು. ಅದರ ಭಾರವನ್ನು ದೇವರೇ ಹೊತ್ತುಕೊಳ್ಳುತ್ತಾನೆ. ಹೇಗೆ ಎಂಬುದನ್ನು ಕ್ರೈಸ್ತ ಸಭೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೀತಿ ವಿವರಿಸಿದೆ. ಮೊದಲ ಶತಮಾನಗಳಲ್ಲಿ ಕ್ರಿಸ್ತನು ಪಾಪ, ಮರಣ, ಸೈತಾನನನ್ನು ಗೆದ್ದನೆಂಬ ಮಾತು ಜಾಸ್ತಿ ಕೇಳುತ್ತಿತ್ತು. ಹನ್ನೊಂದನೇ ಶತಮಾನದ ಕೊನೆಗೆ ದೇವಶಾಸ್ತ್ರಜ್ಞ ಆನ್ಸೆಲ್ಮ್, ಮನುಷ್ಯ ದೇವರಿಗೆ ಸಲ್ಲಿಸಬೇಕಾಗಿದ್ದ ಗೌರವದ ಬಾಕಿಯನ್ನು ಕ್ರಿಸ್ತನು ತೀರಿಸಿದನು ಎಂದು ವಿವರಿಸಿದರು. ಹದಿನಾರನೇ ಶತಮಾನದಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದವರು ಶಿಕ್ಷೆಯನ್ನು ನಮ್ಮ ಬದಲಿಗೆ ಆತನು ಅನುಭವಿಸಿದ್ದರ ಮೇಲೆ ಒತ್ತು ಕೊಟ್ಟರು. ಇವುಗಳಲ್ಲಿ ಒಂದನ್ನೇ ಹಿಡಿದು ಉಳಿದದ್ದನ್ನು ಬಿಸಾಡಬೇಕಿಲ್ಲ.

ಒಂದು ತಪ್ಪು ಚಿತ್ರ ಮಾತ್ರ ಬೇಡ: ಸಿಟ್ಟಿಗೆದ್ದ ದೇವರು ದಾರಿಹೋಕನೊಬ್ಬನನ್ನು ಹಿಡಿದು ಹೊಡೆದ ಎಂಬುದು. ದೇವರು ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು ಎಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಹೊರಗಿನವನೊಬ್ಬ ಅಲ್ಲಿ ಸಿಕ್ಕಿಕೊಂಡಿಲ್ಲ.

ಮೊದಲು ನಾನು ಸರಿಹೋಗ್ತೀನಿ, ಆಮೇಲೆ ದೇವರ ಹತ್ತಿರ ಬರ್ತೀನಿ. ಇದ್ರಲ್ಲಿ ತಪ್ಪೇನು?

ಕೇಳಲು ತುಂಬ ವಿನಯದ ಮಾತು. ಕುಡಿತ ಬಿಟ್ಟ ಮೇಲೆ, ಮನೆಯ ಜಗಳ ತೀರಿದ ಮೇಲೆ, ಆ ಸಂಬಂಧದಿಂದ ಹೊರಗೆ ಬಂದ ಮೇಲೆ ಅನ್ನುವವರಿದ್ದಾರೆ. ಆದರೆ ಆ "ಮೇಲೆ" ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಬೈಬಲಿನ ಕ್ರಮ ಇಲ್ಲಿ ತಲೆಕೆಳಗಾಗಿದೆ.

ಹತ್ತು ಆಜ್ಞೆಗಳನ್ನೇ ತೆಗೆದುಕೊಳ್ಳಿ. ಅವು ಇರುವುದು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ. ಇಸ್ರಾಯೇಲ್ಯರು ಕೆಂಪು ಸಮುದ್ರ ದಾಟಿದ್ದು 14ರಲ್ಲಿ. ಐಗುಪ್ತದಲ್ಲಿ ಗುಲಾಮರಾಗಿದ್ದಾಗ ದೇವರು ಕಲ್ಲಿನ ಹಲಗೆ ಕಳುಹಿಸಿ, ಇದನ್ನು ಒಂದು ವರ್ಷ ಪಾಲಿಸಿ, ಆಮೇಲೆ ಬಿಡಿಸುತ್ತೇನೆ ಅನ್ನಲಿಲ್ಲ. ಮೊದಲು ಬಿಡಿಸಿದನು. ಆಜ್ಞೆಗಳ ಪಟ್ಟಿ ಶುರುವಾಗುವುದೂ ನಿನ್ನನ್ನು ದಾಸತ್ವದಿಂದ ಬಿಡಿಸಿದ ದೇವರು ನಾನೇ ಎಂಬ ಮಾತಿನಿಂದ.

ಯೆರಿಕೋ ಊರಿನ ಜಕ್ಕಾಯ ಸುಂಕದವರ ಮುಖ್ಯಸ್ಥ. ಜನರ ದುಡ್ಡು ತಿಂದು ಶ್ರೀಮಂತನಾದವನು. ಯೇಸುವನ್ನು ನೋಡಲು ಮರ ಹತ್ತಿ ಕೂತಿದ್ದ. ಯೇಸು ಆ ಮರದ ಕೆಳಗೆ ನಿಂತು, ಇಳಿದು ಬಾ, ಈ ಹೊತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದನು. ಆಗ ಜಕ್ಕಾಯ ಇನ್ನೂ ಒಂದು ಕಾಸೂ ವಾಪಸ್ ಕೊಟ್ಟಿರಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಎಂಬ ಮಾತು ಬಂದದ್ದು ಅತಿಥಿ ಬಂದ ಮೇಲೆ. ಸುತ್ತ ನಿಂತವರು ಗೊಣಗಿದ್ದೂ ಇದಕ್ಕೇ. ಪಾಪಿಯ ಮನೆಗೆ ಹೋದನಲ್ಲ ಎಂದು.

ಮನೆ ಬಿಟ್ಟು ಹೋಗಿ ಆಸ್ತಿ ಹಾಳುಮಾಡಿದ ಮಗನ ಕಥೆ (ಲೂಕ 15) ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಒಂದು ವಿಷಯ ಸುಲಭಕ್ಕೆ ಕಣ್ಣು ತಪ್ಪುತ್ತದೆ. ಹಂದಿಗಳ ನಡುವೆ ಕೂತು ಅವನು ಒಂದು ಮಾತು ತಯಾರಿ ಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ಭಾಗ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳಾಗಿ ಇಟ್ಟುಕೊ. ಊರಿಗೆ ಬಂದಾಗ ಮೊದಲ ಎರಡನ್ನು ಹೇಳುತ್ತಾನೆ. ಮೂರನೆಯದು ಬಾಯಿಗೆ ಬರುವ ಮುಂಚೆ ಅಪ್ಪ ಆಳುಗಳ ಕಡೆ ತಿರುಗಿ ನಿಲುವಂಗಿ, ಉಂಗುರ, ಕೆರ ತನ್ನಿ ಅನ್ನುತ್ತಾನೆ. ದುಡಿದು ತೀರಿಸುವ ಯೋಜನೆಗೆ ಅಲ್ಲಿ ಜಾಗವೇ ಸಿಗಲಿಲ್ಲ. ಯೋಗ್ಯನಲ್ಲ ಎಂಬ ಮಾತನ್ನು ಅಪ್ಪ ಅಲ್ಲಗಳೆಯಲೂ ಇಲ್ಲ, ಗಮನಿಸಿ. ಅದು ನಿಜವೇ. ಆದರೆ ಮಗನ ಬಟ್ಟೆ ತರಿಸಲು ಅದು ಅಡ್ಡಿಯಾಗಲಿಲ್ಲ.

ಹಾಗಾಗಿ, ಸರಿಹೋಗಬೇಕೆಂಬ ಆಸೆ ಒಳ್ಳೆಯದೇ. ಅದನ್ನು ಹೊರಗೆ ಒಬ್ಬರೇ ನಿಂತು ಮಾಡಬೇಡಿ ಅಷ್ಟೆ. ಬಿಡಲಾಗದ ಅಭ್ಯಾಸವನ್ನೂ ಕರೆದುಕೊಂಡೇ ಬನ್ನಿ.

ಹಳೇ ಒಡಂಬಡಿಕೆ ತುಂಬ "ಮುಟ್ಟಬೇಡ, ಹತ್ತಿರ ಬರಬೇಡ" ಅಂತಾನೇ ಇದೆ. ಅದೇ ದೇವರೇನಾ?

ಅದೇ ದೇವರು. ದೋಷಪರಿಹಾರಕ ದಿನದ ವಿವರವನ್ನು ಯಾಜಕಕಾಂಡ 16ರಲ್ಲಿ ನಿಧಾನವಾಗಿ ಓದಿ. ಏಳನೇ ತಿಂಗಳ ಹತ್ತನೇ ದಿನ. ಇಡೀ ಜನಾಂಗದಲ್ಲಿ ಮಹಾಯಾಜಕನೊಬ್ಬನಿಗೆ ಮಾತ್ರ ಅತಿ ಪವಿತ್ರ ಸ್ಥಳದ ತೆರೆಯ ಒಳಗೆ ಹೋಗಲು ಅಪ್ಪಣೆ, ಅದೂ ಈ ಒಂದೇ ದಿನ. ಅವನು ಮೈ ತೊಳೆದು, ಸಾದಾ ನಾರಿನ ಬಟ್ಟೆ ಹಾಕಿಕೊಳ್ಳಬೇಕು. ಮೊದಲು ಹೋರಿಯ ರಕ್ತ, ಅವನ ಸ್ವಂತ ಪಾಪಕ್ಕೆ. ಕೆಂಡದ ಮೇಲೆ ಧೂಪ ಹಾಕಿ, ಹೊಗೆ ಕೃಪಾಸನವನ್ನು (ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳವನ್ನು) ಮುಚ್ಚಬೇಕು, ಇಲ್ಲದಿದ್ದರೆ ಸಾಯುತ್ತಾನೆ. ಆಮೇಲೆ ಜನರಿಗಾಗಿ ಎರಡು ಹೋತಗಳು. ಒಂದು ಬಲಿ. ಇನ್ನೊಂದರ ತಲೆಯ ಮೇಲೆ ಎರಡೂ ಕೈ ಇಟ್ಟು, ಜನರ ಪಾಪಗಳನ್ನೆಲ್ಲ ಹೇಳಿ, ಅಡವಿಗೆ ಅಟ್ಟುತ್ತಾರೆ. ಮುಂದಿನ ವರ್ಷ ಇದೆಲ್ಲ ಮತ್ತೆ ಮೊದಲಿಂದ.

ಇಷ್ಟೆಲ್ಲ ನೋಡಿ "ಎಷ್ಟು ದೂರ ಇಟ್ಟ" ಅನಿಸುತ್ತದೆ. ನನಗೆ ಓದಿದಷ್ಟೂ ಇನ್ನೊಂದು ಕಾಣುತ್ತದೆ. ದಾರಿ ಹಾಕಿಕೊಟ್ಟವನೂ ದೇವರೇ. ಬರಬೇಡಿ ಅನ್ನುವವನು ಬರುವ ವಿಧಾನವನ್ನು ಯಾಕೆ ಬರೆಸುತ್ತಾನೆ?

ಆದರೆ ಆ ವ್ಯವಸ್ಥೆಗೆ ಒಂದು ಮಿತಿ ಇತ್ತು. ಪ್ರವಾದಿ ಹಗ್ಗಾಯ ಯಾಜಕರಿಗೆ ಒಂದು ಪ್ರಶ್ನೆ ಹಾಕುತ್ತಾನೆ. ಒಬ್ಬನ ಬಟ್ಟೆಯ ಸೆರಗಿನಲ್ಲಿ ಬಲಿಯ ಪವಿತ್ರ ಮಾಂಸ ಇದೆ. ಆ ಸೆರಗು ರೊಟ್ಟಿಗೋ ಎಣ್ಣೆಗೋ ತಾಗಿದರೆ ಅದು ಪವಿತ್ರವಾಗುತ್ತದಾ? ಇಲ್ಲ ಅಂದರು. ಹೆಣ ಮುಟ್ಟಿ ಅಶುದ್ಧನಾದವನು ಅದೇ ರೊಟ್ಟಿ ಮುಟ್ಟಿದರೆ? ಅಶುದ್ಧವಾಗುತ್ತದೆ ಅಂದರು. ಅಂದರೆ ಕೊಳೆ ಅಂಟುತ್ತದೆ, ಶುದ್ಧಿ ಅಂಟುವುದಿಲ್ಲ.

ಈಗ ಮಾರ್ಕನ ಸುವಾರ್ತೆ ತೆಗೆಯಿರಿ. ಕುಷ್ಠರೋಗಿಯನ್ನು ಯೇಸು ಮುಟ್ಟಿದನು. ಯೇಸುವಿಗೆ ಕುಷ್ಠದ ಅಶುದ್ಧಿ ಬರಲಿಲ್ಲ, ರೋಗಿ ಶುದ್ಧನಾದನು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಆತನ ಬಟ್ಟೆ ಮುಟ್ಟಿದಳು. ನಿಯಮದ ಪ್ರಕಾರ ಆತನು ಅಶುದ್ಧನಾಗಬೇಕಿತ್ತು. ಅವಳು ವಾಸಿಯಾದಳು. ಅಷ್ಟೇ ಅಲ್ಲ, ಅವಳನ್ನು ಸುಮ್ಮನೆ ಹೋಗಲು ಬಿಡದೆ, ಎಲ್ಲರೆದುರು "ಮಗಳೇ" ಎಂದು ಕರೆದನು. ಶುದ್ಧಿ ಅಂಟುವುದು ಇಲ್ಲಿಂದ ಶುರು. ಯೇಸು ಸತ್ತ ಗಳಿಗೆಯಲ್ಲಿ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎಂದು ಮತ್ತಾಯ, ಮಾರ್ಕ ಇಬ್ಬರೂ ಬರೆಯುತ್ತಾರೆ. ಧೈರ್ಯದಿಂದ ಒಳಗೆ ಬನ್ನಿ ಎಂದು ಇಬ್ರಿಯರಿಗೆ ಬರೆದ ಪತ್ರ ಕರೆಯುವುದು ಇದೇ ನೆಲೆಯಲ್ಲಿ.

## ನಂಬಿದ ಮೇಲೆ ಬರುವ ಪ್ರಶ್ನೆಗಳು

ಎಲ್ಲ ಕೃಪೆಯೇ ಆದ್ರೆ ಹೇಗೆ ಬೇಕಾದ್ರೂ ಬದುಕಬಹುದಲ್ವಾ?

ಈ ಪ್ರಶ್ನೆ ಪೌಲನ ಕಾಲದಲ್ಲೇ ಇತ್ತು. ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯ ಇದರಿಂದಲೇ ಶುರು: ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೋ? ಖಂಡಿತ ಬೇಡ. ನಿಜ ಹೇಳಬೇಕೆಂದರೆ, ಕೃಪೆಯ ಬಗ್ಗೆ ಕೇಳಿ ಯಾರಿಗೂ ಈ ಸಂದೇಹ ಬರದಿದ್ದರೆ ಹೇಳಿದವರು ಪೂರ್ತಿ ಹೇಳಿಲ್ಲ ಎಂದೇ ನನ್ನ ಅನಿಸಿಕೆ.

ಪೌಲನ ಉತ್ತರ ಬೆದರಿಕೆಯಲ್ಲ. ನೀವು ಕ್ರಿಸ್ತನ ಜೊತೆ ಸತ್ತು ಎದ್ದವರು, ಹಳೇ ಯಜಮಾನನ ಮಾತು ಯಾಕೆ ಕೇಳುತ್ತೀರಿ ಎಂಬುದು ಅವನ ವಾದ. ತೀತನಿಗೆ ಬರೆದ ಪತ್ರದಲ್ಲಿ, ಭಕ್ತಿಹೀನತೆಯನ್ನು ಬಿಡಲು ಕೃಪೆಯೇ ನಮಗೆ ಕಲಿಸುತ್ತದೆ ಎಂದಿದೆ. ನಾಜಿಗಳು 1945ರಲ್ಲಿ ಗಲ್ಲಿಗೇರಿಸಿದ ಜರ್ಮನ್ ಪಾಸ್ಟರ್ ಡೀಟ್ರಿಕ್ ಬಾನ್‌ಹೋಫರ್, ಬದಲಾವಣೆ ಕೇಳದ ಕ್ಷಮೆಯನ್ನು ಅಗ್ಗದ ಕೃಪೆ ಎಂದು ಕರೆದರು. ಕೃಪೆ ಪುಕ್ಕಟೆ, ಅಗ್ಗವಲ್ಲ. ಕೊಟ್ಟವನಿಗೆ ಅದು ಎಷ್ಟು ಬೆಲೆ ಬಿತ್ತೆಂದು ಗೊತ್ತಾದವರು ಅದನ್ನು ಪಾಪಕ್ಕೆ ಲೈಸೆನ್ಸ್ ಮಾಡಿಕೊಳ್ಳುವುದು ಕಷ್ಟ.

ಮತ್ತೆ ಅದೇ ಪಾಪ ಮಾಡಿಬಿಟ್ಟೆ. ಯಾವ ಮುಖ ಇಟ್ಕೊಂಡು ಪ್ರಾರ್ಥನೆ ಮಾಡಲಿ?

ಪೇತ್ರನ ಮುಖ ಇಟ್ಟುಕೊಂಡು ಮಾಡಿ. ಮಹಾಯಾಜಕನ ಅಂಗಳದಲ್ಲಿ, ಚಳಿಗೆ ಹಾಕಿದ್ದ ಇದ್ದಲ ಬೆಂಕಿಯ ಹತ್ತಿರ ನಿಂತು, ಯೇಸು ಯಾರೆಂದೇ ಗೊತ್ತಿಲ್ಲ ಎಂದು ಮೂರು ಸಲ ಅಂದವನು ಅವನು. ಅದೂ ನಿನಗಾಗಿ ಪ್ರಾಣ ಕೊಡುತ್ತೇನೆ ಎಂದ ರಾತ್ರಿಯೇ. ಯೋಹಾನನ ಸುವಾರ್ತೆಯ ಕೊನೆಯಲ್ಲಿ, ಪುನರುತ್ಥಾನದ ನಂತರ, ಕೆರೆಯ ದಡದಲ್ಲಿ ಯೇಸು ಮತ್ತೊಂದು ಇದ್ದಲ ಬೆಂಕಿ ಹಾಕಿ ಮೀನು ಸುಡುತ್ತಿರುತ್ತಾನೆ. ಮೊದಲು ಊಟ. ಆಮೇಲೆ ಮೂರು ಸಲ ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಮೂರನೇ ಸಲ ಕೇಳಿದಾಗ ಪೇತ್ರನಿಗೆ ನೋವಾಯಿತು ಎಂದು ಬರೆದಿದೆ. ನೋವಾಗಬೇಕಿತ್ತು. ಪ್ರತಿ ಸಲವೂ ಕೆಲಸ ಒಪ್ಪಿಸಿದ್ದು ಮಾತ್ರ ಅವನಿಗೇ: ನನ್ನ ಕುರಿಗಳನ್ನು ಮೇಯಿಸು.

ಹಾಗಾಗಿ ಮರೆಮಾಚದೆ ಹೆಸರಿಟ್ಟು ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಆತನು ಕ್ಷಮಿಸುತ್ತಾನೆ ಎಂದು ಯೋಹಾನನ ಮೊದಲ ಪತ್ರ ಹೇಳುವುದು ನಂಬಿದವರಿಗೇ. ಅದೇ ಪಾಪ ಬಿಡದೆ ಕಾಡುತ್ತಿದ್ದರೆ, ನಂಬಿಕೆಯ ಒಬ್ಬರಿಗಾದರೂ ಹೇಳಿ. ಗುಟ್ಟಾಗಿ ಇಟ್ಟಷ್ಟು ದಿನ ಅದರ ಹಿಡಿತ ಜಾಸ್ತಿ.

ಕರ್ತನ ಭೋಜನದ ದಿನ ನಾನು ಯೋಗ್ಯಳಲ್ಲ ಅನ್ಸಿ ಸುಮ್ನೆ ಕೂತುಬಿಡ್ತೀನಿ. ಸರಿನಾ?

ಕರ್ತನ ಭೋಜನ ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ಓದಿ ಹೆದರಿದವರು ಬಹಳ. ಅಯೋಗ್ಯವಾಗಿ ತಿಂದು ಕುಡಿಯುವವನು ದೋಷಿ ಎಂದಿದೆ. ಸ್ವಲ್ಪ ಮೇಲಿನಿಂದ ಓದಿದರೆ ಅಲ್ಲಿ ನಡೆದದ್ದು ಏನೆಂದು ಗೊತ್ತಾಗುತ್ತದೆ. ಇದ್ದವರು ಬೇಗ ಬಂದು ಹೊಟ್ಟೆ ತುಂಬ ತಿಂದು ಕುಡಿದು ಅಮಲೇರಿರುತ್ತಿದ್ದರು. ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಬಡವರನ್ನು ನಾಚಿಸುವ ಆ ನಡತೆಗೆ ಪೌಲ ಬೈದದ್ದು. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು ಅವನು ಹೇಳುತ್ತಾನೆ. ಪರೀಕ್ಷಿಸಿಕೊಂಡು ತಿನ್ನದೆ ಕೂತುಕೊಳ್ಳಲಿ ಅನ್ನುವುದಿಲ್ಲ.

ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಪ್ರಸಾದಕ್ಕೆ ಮುಂಚೆ ಎಲ್ಲರೂ ಒಟ್ಟಾಗಿ ಹೇಳುವ ಮಾತು ರೋಮನ್ ಶತಾಧಿಪತಿಯದು (ಸೇನಾಧಿಕಾರಿ), ತನ್ನ ಆಳನ್ನು ಗುಣಪಡಿಸಲು ಬರುತ್ತಿದ್ದ ಯೇಸುವಿಗೆ ಅವನು ಹೇಳಿಕಳುಹಿಸಿದ್ದು: ನೀನು ನನ್ನ ಮನೆಯೊಳಗೆ ಬರಲು ನಾನು ಯೋಗ್ಯನಲ್ಲ. ಆ ಶತಾಧಿಪತಿಯ ಪರವಾಗಿ ಬಂದ ಊರ ಹಿರಿಯರು, ಇವನು ಯೋಗ್ಯ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟವನು ಎಂದು ಶಿಫಾರಸು ಮಾಡಿದ್ದರು (ಲೂಕ 7). ಅವನು ತಾನೇ ಅಲ್ಲ ಅಂದ. ಯೇಸು ಮೆಚ್ಚಿದ್ದು ಅವನ ನಂಬಿಕೆಯನ್ನು. ಆ ಮಾತು ಹೇಳಿದ ಜನ ಅಷ್ಟಕ್ಕೇ ಕೂತುಬಿಡುವುದಿಲ್ಲ. ಯೋಗ್ಯನಲ್ಲ ಎಂದವರೇ ಎದ್ದು ಸಾಲಿನಲ್ಲಿ ಮುಂದೆ ಹೋಗುತ್ತಾರೆ.

ಒಂದು ಎಚ್ಚರಿಕೆ. ದೊಡ್ಡ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆ (ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವುದು) ಮಾಡಬೇಕು ಎಂಬುದು ಕ್ಯಾಥೊಲಿಕ್ ನಿಯಮ. ಬೇರೆ ಸಭೆಗಳಿಗೂ ಅವುಗಳದೇ ಶಿಸ್ತು ಇದೆ. ಒಬ್ಬರ ಜೊತೆ ವೈರ ಇದ್ದರೆ ಮೊದಲು ಹೋಗಿ ರಾಜಿಯಾಗು ಎಂದು ಯೇಸುವೇ ಹೇಳಿದ್ದಾನೆ. ಆದ್ದರಿಂದ ವಾರಗಟ್ಟಲೆ ಸುಮ್ಮನೆ ಕೂರುವ ಬದಲು ನಿಮ್ಮ ಪಾಸ್ಟರ್ ಅಥವಾ ಫಾದರ್ ಹತ್ತಿರ ಮಾತಾಡಿ.

ಕ್ಷಮೆ ಸಿಕ್ಕಿದೆ ಅಂತ ತಲೆಗೆ ಗೊತ್ತು. ಮನಸ್ಸು ಮಾತ್ರ ಒಪ್ಪಲ್ಲ.

ಜೆಕರ್ಯನ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಮಹಾಯಾಜಕ ಯೆಹೋಶುವ ಹೊಲಸು ಬಟ್ಟೆಯಲ್ಲಿ ದೇವರ ದೂತನ ಮುಂದೆ ನಿಂತಿದ್ದಾನೆ. ಪಕ್ಕದಲ್ಲಿ ತಪ್ಪು ಹೊರಿಸಲು ಸೈತಾನ. ಬಟ್ಟೆ ಹೊಲಸಾಗಿದ್ದದ್ದು ನಿಜ, ಆರೋಪಕ್ಕೆ ಆಧಾರ ಇತ್ತು. ದೇವರು ಗದರಿಸಿದ್ದು ಆರೋಪ ಮಾಡಿದವನನ್ನು. ಹಳೇ ಬಟ್ಟೆ ತೆಗೆಸಿ ಹೊಸದು ತೊಡಿಸಲು ಹೇಳಿದನು. ಆ ಇಡೀ ಅಧ್ಯಾಯದಲ್ಲಿ ಯೆಹೋಶುವ ಒಂದು ಮಾತೂ ಆಡುವುದಿಲ್ಲ. ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಯೋಹಾನನೂ ಬರೆದಿದ್ದಾನೆ.

ಕೆಲವರಲ್ಲಿ ಇದು ಬೇರೆ ರೂಪ ತಾಳುತ್ತದೆ. ಒಂದೇ ಪಾಪವನ್ನು ದಿನಕ್ಕೆ ಎಷ್ಟೋ ಸಲ ಒಪ್ಪಿಕೊಳ್ಳುವುದು, ಪ್ರಾರ್ಥನೆ ಸರಿಯಾಗಲಿಲ್ಲ ಎಂದು ಮತ್ತೆ ಮೊದಲಿಂದ ಹೇಳುವುದು, ಕ್ಷಮಿಸಲಾಗದ ಪಾಪ ಮಾಡಿಬಿಟ್ಟೆ ಎಂಬ ಭಯ ಬಿಡದಿರುವುದು. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ತಮ್ಮ ಗುರು ಸ್ಟೌಪಿಟ್ಸ್ ಅವರನ್ನು ಸುಸ್ತು ಮಾಡುತ್ತಿದ್ದರು. ಇದು ಗೀಳು ಕಾಯಿಲೆಯ ಒಂದು ರೂಪವೂ ಆಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಇನ್ನಷ್ಟು ಪ್ರಾರ್ಥಿಸಿ ಎಂಬ ಸಲಹೆ ಇಂಥವರಿಗೆ ಉರಿಗೆ ಎಣ್ಣೆ ಹೊಯ್ದ ಹಾಗೆ ಆಗಬಹುದು. ಮನೋವೈದ್ಯರನ್ನು ನೋಡುವುದು ನಂಬಿಕೆ ಕಮ್ಮಿಯಾದದ್ದರ ಗುರುತಲ್ಲ.

ಪ್ರಾರ್ಥನೆಯಲ್ಲಿ ನನಗೆ ಏನೂ ಅನಿಸೋದೇ ಇಲ್ಲ. ಸನ್ನಿಧಿ ಇಲ್ಲ ಅಂತಾನಾ?

ಅಲ್ಲ. ಸನ್ನಿಧಿ ನಿಂತಿರುವುದು ಕ್ರಿಸ್ತನ ಮೇಲೆ, ನಮ್ಮ ಮೈ ನವಿರೇಳುವುದರ ಮೇಲಲ್ಲ. 88ನೇ ಕೀರ್ತನೆ ಕತ್ತಲಲ್ಲೇ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ.

ನನಗೆ ಅಷ್ಟು ಅನ್ಯಾಯ ಮಾಡಿದವನಿಗೂ ಇದೇ ಕೃಪೆನಾ?

ಕೇಳುವವರು ಬಹಳ ಸಲ ಹಿಂಸೆ ಅನುಭವಿಸಿದವರು. ಅವರಿಗೆ ಉಪದೇಶದ ಧಾಟಿಯಲ್ಲಿ ಉತ್ತರಿಸಬಾರದು. ಬಾಗಿಲು ಅವನಿಗೂ ತೆರೆದಿದೆ, ಹೌದು. ಆದರೆ ಕೃಪೆ ನಿಮ್ಮ ನೋವನ್ನು ಸಣ್ಣದು ಅನ್ನುವುದಿಲ್ಲ. ಅದರ ತೂಕ ಶಿಲುಬೆಯಷ್ಟು ಎನ್ನುತ್ತದೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನಿಗೆ ಅದೇ ದಿನ ಪರದೈಸಿನ ಮಾತು ಸಿಕ್ಕಿತು, ಆದರೆ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ. ಜಕ್ಕಾಯ ಕೊಡಬೇಕಾದ್ದು ಕೊಟ್ಟ. ದೂರು ಕೊಡುವುದು, ಕೋರ್ಟಿಗೆ ಹೋಗುವುದು, ಅವನಿಂದ ದೂರ ಇರುವುದು ಯಾವುದೂ ಕೃಪೆಗೆ ವಿರುದ್ಧ ಅಲ್ಲ. ದೇವರು ಕ್ಷಮಿಸಿದ್ದಾನೆ, ನೀನೂ ಬಾಯಿ ಮುಚ್ಚಿಕೋ ಎಂದು ಹೇಳುವವರು ದೇವರ ಹೆಸರನ್ನು ಕೆಟ್ಟದ್ದಕ್ಕೆ ಬಳಸುತ್ತಿದ್ದಾರೆ.

## ಇನ್ನಷ್ಟು ಆಳಕ್ಕೆ

ಪೌಲ ನಂಬಿಕೆ ಸಾಕು ಅಂತಾನೆ, ಯಾಕೋಬ ಕ್ರಿಯೆ ಬೇಕು ಅಂತಾನೆ. ಯಾರನ್ನ ನಂಬೋದು?

ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ, ಅದೇ ಇಲ್ಲಿನ ಸ್ವಾರಸ್ಯ. ಪೌಲ ತೋರಿಸುವುದು ಆದಿಕಾಂಡ 15ರ ಅಬ್ರಹಾಮನನ್ನು. ಆಗಿನ್ನೂ ಇಸಾಕ ಹುಟ್ಟಿಲ್ಲ. ನಕ್ಷತ್ರ ಎಣಿಸು ಎಂದ ದೇವರನ್ನು ಅವನು ನಂಬಿದ, ಅದು ನೀತಿಯೆಂದು ಲೆಕ್ಕಕ್ಕೆ ಬಂತು. ಯಾಕೋಬ ತೋರಿಸುವುದು 22ನೇ ಅಧ್ಯಾಯದ ಅಬ್ರಹಾಮನನ್ನು, ಅಂದರೆ ಎಷ್ಟೋ ವರ್ಷಗಳ ನಂತರ, ಇಸಾಕನನ್ನು ಬಲಿಪೀಠದ ಮೇಲಿಟ್ಟವನನ್ನು.

ಇವರಿಬ್ಬರ ಎದುರು ನಿಂತವರೂ ಬೇರೆ. ಪೌಲನ ಎದುರಿಗಿದ್ದವರು, ಸುನ್ನತಿ ಮಾಡಿಸಿಕೊಂಡರೆ ಮಾತ್ರ ದೇವರ ಜನ ಅನ್ನುತ್ತಿದ್ದರು. ಯಾಕೋಬನ ಎದುರಿಗಿದ್ದವರು, ಬಟ್ಟೆಯಿಲ್ಲದೆ ಹಸಿದು ಬಂದ ಸಹೋದರನಿಗೆ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದು ಬಾಯಿಮಾತು ಹೇಳಿ ಕಳುಹಿಸುತ್ತಿದ್ದರು. ಒಳಗೆ ಬರುವುದು ಹೇಗೆ ಎಂಬುದು ಪೌಲನ ಪ್ರಶ್ನೆ. ಈ ನಂಬಿಕೆಗೆ ಜೀವ ಇದೆಯಾ ಎಂಬುದು ಯಾಕೋಬನದು. ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆ ಎಂದು ಗಲಾತ್ಯದವರಿಗೆ ಬರೆದವನು ಪೌಲನೇ.

ನಂಬೋದೂ ನಾನು ಮಾಡೋ ಕೆಲಸವೇ ಅಲ್ವಾ? ಅಲ್ಲಿಗೆ ಅದೂ ಯೋಗ್ಯತೆಯೇ ಆಯ್ತಲ್ಲ.

ಒಳ್ಳೆಯ ಪ್ರಶ್ನೆ, ಹಳೆಯ ಪ್ರಶ್ನೆ. ಐದನೇ ಶತಮಾನದ ಶುರುವಿನಲ್ಲಿ ಪೆಲಾಜಿಯಸ್ ಎಂಬ ಬೋಧಕ, ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಹುದು ಎಂದು ಕಲಿಸಿದ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ (354–430) ಇದನ್ನು ಕಟುವಾಗಿ ವಿರೋಧಿಸಿದರು. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿತು. ಆಮೇಲೆ ಕೆಲವರು ನಡುವಿನ ದಾರಿ ಹಿಡಿದರು: ಮೊದಲ ಹೆಜ್ಜೆ ನಮ್ಮದು, ಉಳಿದದ್ದು ದೇವರದು. 529ರಲ್ಲಿ ಆರೆಂಜ್ ಪಟ್ಟಣದಲ್ಲಿ ಸೇರಿದ ಸಭೆ ಅದನ್ನೂ ಒಪ್ಪಲಿಲ್ಲ. ಆ ಮೊದಲ ಹೆಜ್ಜೆಯೂ ಕೃಪೆಯಿಂದಲೇ ಅಂದಿತು.

ಹಾಗಾದರೆ ಕೆಲವರು ಯಾಕೆ ನಂಬುವುದಿಲ್ಲ? ಇಲ್ಲಿ ಪ್ರೊಟೆಸ್ಟೆಂಟರೇ ಎರಡು ಪಾಲು. ದೇವರು ಆರಿಸಿಕೊಂಡವರಲ್ಲಿ ಕೃಪೆ ಸೋಲದೆ ಕೆಲಸ ಮಾಡುತ್ತದೆ ಎಂದು ನೆದರ್‌ಲೆಂಡ್ಸಿನಲ್ಲಿ ಸೇರಿದ 1618–19ರ ಡಾರ್ಟ್ ಸಭೆ ಹೇಳಿತು. ಎಲ್ಲರಿಗೂ ಮುಂಚಿತವಾಗಿ ಕೃಪೆ ಬಂದು ಉತ್ತರ ಕೊಡುವ ಶಕ್ತಿ ಕೊಡುತ್ತದೆ, ಬೇಡ ಅನ್ನಲೂ ಬಿಡುತ್ತದೆ ಎಂದು ಹದಿನೆಂಟನೇ ಶತಮಾನದಲ್ಲಿ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಕಲಿಸಿದರು. ಎರಡು ಕಡೆಯಲ್ಲೂ ದೇವಭಕ್ತರಿದ್ದಾರೆ. ಈ ಚರ್ಚೆ ಊಟದ ಹೊತ್ತಿಗೆ ಮುಗಿಯುವುದಲ್ಲ.

ನನಗೆ ನೆರವಾಗಿರುವುದು ಮಾರ್ಕ 9ರ ಒಬ್ಬ ಅಪ್ಪ. ಮಗನಿಗೆ ಮೂರ್ಛೆ ಬರುತ್ತಿತ್ತು. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಅವನು ಕೂಗಿಕೊಂಡ. ಅದಕ್ಕಿಂತ ಬಡಕಲು ನಂಬಿಕೆ ಇರಲಿಕ್ಕಿಲ್ಲ. ಮಗ ಗುಣವಾದ. ನಂಬಿಕೆಯ ಗಾತ್ರಕ್ಕೆ ಸಂಬಳ ಸಿಕ್ಕಿದ್ದಲ್ಲ ಅದು.

ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಇದ್ರಲ್ಲಿ ಎಲ್ಲಿ ಬೇರೆ ಆಗ್ತಾರೆ?

ಪ್ರೊಟೆಸ್ಟೆಂಟರ ಒತ್ತು ತೀರ್ಪಿನ ಮೇಲೆ. ಕ್ರಿಸ್ತನ ನೀತಿಯ ಆಧಾರದ ಮೇಲೆ ದೇವರು ಪಾಪಿಯನ್ನು ನೀತಿವಂತನೆಂದು ಘೋಷಿಸುತ್ತಾನೆ. ಒಳಗಿನ ಬದಲಾವಣೆ ಅದರ ಬೆನ್ನಿಗೇ ಬರುತ್ತದೆ, ಆದರೆ ಅದು ತೀರ್ಪಿಗೆ ಆಧಾರವಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆ ಕ್ಯಾಥೊಲಿಕ್ ನಿಲುವನ್ನು ಬರೆದಿಟ್ಟಿತು: ನೀತಿವಂತನಾಗುವುದರಲ್ಲಿ ಪಾಪಕ್ಷಮೆಯೂ ಒಳಗಿನ ನವೀಕರಣವೂ ಸೇರಿವೆ, ಶುರುವಾಗುವುದು ಮಾತ್ರ ನಮ್ಮ ಯಾವ ಪುಣ್ಯವೂ ಇಲ್ಲದೆ ಕೃಪೆಯಿಂದ. ಆರ್ಥೊಡಾಕ್ಸ್ ಸಭೆಗಳು ಕೋರ್ಟಿನ ಭಾಷೆಯನ್ನು ಕಮ್ಮಿ ಬಳಸುತ್ತವೆ. ದೇವರ ಜೀವದಲ್ಲಿ ಪಾಲುಗಾರರಾಗುವುದು, ಮೆಲ್ಲಗೆ ಆತನಂತೆ ಆಗುವುದು ಅವರ ಮುಖ್ಯ ಮಾತು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ಈ ವಿಷಯದಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂಬುದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಸೇರಿಕೊಂಡವು. ಎಲ್ಲ ಜಗಳ ಮುಗಿಯಿತು ಎಂದಲ್ಲ. ಪುಣ್ಯದ ಪ್ರತಿಫಲ, ಪಾಪದ ಶಿಕ್ಷೆಯ ವಿನಾಯಿತಿ ಇವೆಲ್ಲ ಹಾಗೇ ಉಳಿದಿವೆ. ಆದರೂ ಲೂಥರ್ 1517ರಲ್ಲಿ ಎಬ್ಬಿಸಿದ ಚರ್ಚೆಗೆ ಇದು ಸಣ್ಣ ಉತ್ತರವಲ್ಲ. ಇನ್ನೊಂದು ಸಭೆಯವರಿಗೆ ಕೃಪೆಯೇ ಗೊತ್ತಿಲ್ಲ ಎಂದು ಪೀಠದ ಮೇಲಿಂದ ಹೇಳುವವರು ಆ ಘೋಷಣೆಯನ್ನು ಒಮ್ಮೆ ಓದಬೇಕು.

"ಪರಿಶುದ್ಧತೆ ಇಲ್ಲದೆ ಯಾರೂ ಕರ್ತನನ್ನು ಕಾಣುವುದಿಲ್ಲ" ಅಂತ ಬರೆದಿದೆಯಲ್ಲ. ಕೊನೆಗೆ ಮತ್ತೆ ನಮ್ಮ ತಲೆ ಮೇಲೇ ಬಂತಲ್ವಾ?

ಈ ಮಾತು ಇರುವುದು ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ. ಎರಡು ಅಧ್ಯಾಯ ಹಿಂದೆ ಹೋದರೆ ಅದೇ ಪತ್ರ ಹೇಳುತ್ತದೆ: ಶುದ್ಧರಾಗುತ್ತಾ ಇರುವವರನ್ನು ಕ್ರಿಸ್ತನು ಒಂದೇ ಬಲಿಯಿಂದ ಸದಾಕಾಲಕ್ಕೂ ಪರಿಪೂರ್ಣರನ್ನಾಗಿ ಮಾಡಿದ್ದಾನೆ. ಮಾಡಿ ಮುಗಿದದ್ದು, ಇನ್ನೂ ನಡೆಯುತ್ತಿರುವುದು ಎರಡೂ ಒಂದೇ ವಾಕ್ಯದಲ್ಲಿವೆ. ಪರಿಶುದ್ಧತೆಯ ಹಿಂದೆ ಓಡಿ ಎಂದು 12ನೇ ಅಧ್ಯಾಯ ಕರೆಯುವುದು ಈಗಾಗಲೇ ಮಕ್ಕಳೆನಿಸಿಕೊಂಡವರನ್ನು. ಅದೇ ಅಧ್ಯಾಯದ ಮೊದಲ ಭಾಗವೆಲ್ಲ ತಂದೆ ತನ್ನ ಮಕ್ಕಳನ್ನು ತಿದ್ದುವ ಮಾತು. ಮಕ್ಕಳಾಗುವುದಕ್ಕೆ ಪರೀಕ್ಷೆ ಬರೆಸುವ ಮಾತಲ್ಲ.

ಹಾಗೆಂದು ಆ ವಾಕ್ಯದ ಹರಿತವನ್ನು ಮೊಂಡು ಮಾಡಬಾರದು. ಬದಲಾವಣೆಯ ಆಸೆಯೇ ಇಲ್ಲದೆ, ಯಾವ ಎಚ್ಚರಿಕೆಗೂ ಕಿವಿಗೊಡದೆ, ಕೃಪೆ ಇದೆಯಲ್ಲ ಎಂದು ಆರಾಮಾಗಿರುವವರಿಗೆ ಆ ಪತ್ರದ 6 ಮತ್ತು 10ನೇ ಅಧ್ಯಾಯಗಳ ಎಚ್ಚರಿಕೆ ಇದೆ. ರಕ್ಷಣೆಯನ್ನು ಕಳೆದುಕೊಳ್ಳಬಹುದಾ ಎಂಬುದರಲ್ಲಿ ಸಭೆಗಳು ಒಂದಾಗಿಲ್ಲ. ನಿಜವಾಗಿ ನಂಬಿದವರು ಕೊನೆಯವರೆಗೂ ನಿಲ್ಲುತ್ತಾರೆ ಎಂದು ಕಾಲ್ವಿನ್ ಪರಂಪರೆಯವರು, ಬಿಟ್ಟುಹೋಗುವ ಅಪಾಯ ನಿಜ ಎಂದು ಕ್ಯಾಥೊಲಿಕರು ಮತ್ತು ವೆಸ್ಲಿ ಪರಂಪರೆಯವರು ಹೇಳುತ್ತಾರೆ. ಎಚ್ಚರಿಕೆ ಓದಿ ನಡುಗುವವರಿಗೆ ಸಾಮಾನ್ಯವಾಗಿ ಅದು ಬರೆದದ್ದಲ್ಲ, ನಡುಗದೇ ಇರುವವರಿಗೆ ಬರೆದದ್ದು.

ಆ ಶುದ್ಧಿ ಪೂರ್ತಿಯಾಗುವುದು ಯಾವಾಗ? ಈ ಬದುಕಿನಲ್ಲೇ ಪ್ರೀತಿಯಲ್ಲಿ ಪೂರ್ಣರಾಗಬಹುದು ಎಂದು ವೆಸ್ಲಿ ಆಶಿಸಿದರು. ಸಾವಿನ ನಂತರವೂ ಶುದ್ಧೀಕರಣ ಉಳಿದಿರಬಹುದು ಎಂದು ಕ್ಯಾಥೊಲಿಕರು, ಸಾಯುವಾಗಲೇ ಮುಗಿಯುತ್ತದೆ ಎಂದು ಹೆಚ್ಚಿನ ಪ್ರೊಟೆಸ್ಟೆಂಟರು ಕಲಿಸುತ್ತಾರೆ. ಯೋಹಾನನ ಮೊದಲ ಪತ್ರದ ಮೂರನೇ ಅಧ್ಯಾಯ ಮಾತ್ರ ಎಲ್ಲರ ಬೈಬಲಿನಲ್ಲೂ ಒಂದೇ: ಆತನನ್ನು ಇದ್ದ ಹಾಗೆಯೇ ನೋಡುವುದರಿಂದ ನಾವು ಆತನ ಹಾಗೆ ಆಗುತ್ತೇವೆ.